ಪೋತ್ನಾಳದಲ್ಲಿ ಕಿಡಿ ಹುಡುಕಿದ್ದು

ನಮ್ಮ ಕಾರು ಬೆಳಗಿನ ಹೊತ್ತು ಯಾವತ್ತೂ ತೊಂದರೆ ಕೊಟ್ಟದ್ದಿಲ್ಲ. ಅದೇ ನನ್ನ ದೊಡ್ಡ ತೊಂದರೆಯಾಗಿತ್ತು. ರಾಯಚೂರಿನ ನಮ್ಮ ಮನೆಯ ಮುಂದೆ, ಹಾಲಿನವನು ಬರುವ ಹೊತ್ತಿಗೆ ಕೀಲಿ ತಿರುಗಿಸಿದರೆ ಎರಡನೇ ಸುತ್ತಿಗೆ ಎಂಜಿನ್ ಹಿಡಿದುಕೊಳ್ಳುತ್ತಿತ್ತು. ಯಾರಿಗೆ ತೋರಿಸಿದರೂ ಇದಕ್ಕೇನಾಗಿದೆ, ಚೆನ್ನಾಗಿಯೇ ಇದೆಯಲ್ಲ ಎನ್ನುತ್ತಿದ್ದರು. ಅದೇ ಕಾರನ್ನು ದಾರಿಯಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ ಮತ್ತೆ ಶುರು ಮಾಡಲು ಹೋದರೆ ಜಪ್ಪಯ್ಯ ಎನ್ನುತ್ತಿರಲಿಲ್ಲ. ದೀಪ ಉರಿಯುತ್ತಿತ್ತು, ಹಾರ್ನ್ ಕೂಗುತ್ತಿತ್ತು, ಸೆಲ್ಫ್ ಗರಗರ ತಿರುಗುತ್ತಿತ್ತು. ಎಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬಿಟ್ಟು ನೋಡಿದರೆ, ಏನೂ ಆಗೇ ಇಲ್ಲವೆನ್ನುವಂತೆ ಶುರುವಾಗುತ್ತಿತ್ತು.

ನಾನು ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಾರು ನಮ್ಮ ಮಾವನವರದು. ಅವರು ಮಾನ್ವಿಯಲ್ಲಿ ಸಂಸ್ಕೃತದ ಮೇಷ್ಟ್ರಾಗಿದ್ದವರು. ಜೊತೆಗೆ ಸುತ್ತಲಿನ ಊರುಗಳ ನಮ್ಮವರ ಮನೆಗಳಲ್ಲಿ ಪೌರೋಹಿತ್ಯ ಮಾಡುತ್ತಿದ್ದರು. ನಿವೃತ್ತಿಗೆ ಕೆಲವು ವರ್ಷ ಮೊದಲು ಆ ಸಣ್ಣ ಪೆಟ್ರೋಲ್ ಕಾರು ಕೊಂಡಿದ್ದರಂತೆ. ಕಾರ್ಬೊರೇಟರ್ ಇದ್ದ ಹಳೆಯ ಕಾಲದ ಗಾಡಿ. ಈಗಿನ ಕಾರುಗಳಂತೆ ಕಂಪ್ಯೂಟರ್ ಹಚ್ಚಿ ರೋಗ ಕೇಳುವಂತಿಲ್ಲ. ಇನ್ನು ಮುಂದೆ ಗಾಡಿ ಹೊಡೆಯಬಾರದೆಂದು ಕಣ್ಣಿನ ಡಾಕ್ಟರು ಹೇಳಿದ ದಿನ ಮಾವನವರು ಕೀಲಿ ತಂದು ನನ್ನ ಕೈಯಲ್ಲಿಟ್ಟರು. ಮಗನಿಗೆ ಕೊಡಲಿಲ್ಲ. ನನ್ನ ಗಂಡ ಕಾಲೇಜೊಂದರಲ್ಲಿ ಗ್ರಂಥಪಾಲಕರು. ಸ್ಟಿಯರಿಂಗ್ ಹಿಡಿದರೆ ಅಂಗೈ ಬೆವರುವ ಮನುಷ್ಯ. ಕಲಿಯಲು ಎರಡು ಸಲ ಹೋಗಿ ಎರಡು ಸಲವೂ ನಡುವೆಯೇ ಬಿಟ್ಟು ಬಂದಿದ್ದರು.

ಎರಡು ವರ್ಷ ಕಾರು ಚೆನ್ನಾಗಿ ನಡೆಯಿತು. ನನ್ನ ಜೊತೆ ನಮ್ಮ ಶಾಲೆಯ ಇಬ್ಬರು ಬರುತ್ತಿದ್ದರು: ಗಣಿತದ ಮೇಡಂ ಮತ್ತು ಪಿ.ಟಿ. ಮೇಷ್ಟ್ರು. ಗಬ್ಬೂರಿನಲ್ಲಿ ಚಹಾಕ್ಕೆ ನಿಲ್ಲುವುದು ನಮ್ಮ ರೂಢಿ. ಕಳೆದ ವರ್ಷ ದೀಪಾವಳಿ ರಜೆ ಮುಗಿದ ವಾರ, ಅಲ್ಲಿ ಚಹಾ ಕುಡಿದು ಬಂದು ಕೂತಾಗ ಕಾರು ಮೊದಲ ಸಲ ಕೈಕೊಟ್ಟಿತು. ಪಿ.ಟಿ. ಮೇಷ್ಟ್ರು ಇಳಿದು ಹಿಂದಿನಿಂದ ತಳ್ಳಿದರು. ಹೋಟೆಲಿನಲ್ಲಿ ಕೂತಿದ್ದ ಇನ್ನಿಬ್ಬರು ಬಂದು ಕೈಜೋಡಿಸಿದರು. ರಸ್ತೆಯುದ್ದಕ್ಕೂ ತಳ್ಳಿಸಿಕೊಂಡು ಹೋಗಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೂ ಅದು ಮಿಸುಕಲಿಲ್ಲ. ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದು ಎರಡನೇ ಪಿರಿಯಡ್ ನಡೆದಿತ್ತು.

ಅದು ಒಂದು ದಿನದ ಮಾತಾಗಿ ಉಳಿಯಲಿಲ್ಲ. ವಾರಕ್ಕೊಮ್ಮೆ, ಆಮೇಲೆ ಎರಡು ಸಲ. ಚಹಾ ನಿಲ್ಲಿಸಿದೆವು. ಪೆಟ್ರೋಲ್ ಬಂಕಿನಲ್ಲಿ ಸಾಲಿನಲ್ಲಿ ನಿಂತಾಗ ಎಂಜಿನ್ ಆರಿಸಲು ಹೆದರಿಕೆಯಾಗತೊಡಗಿತು. ಮುಖ್ಯೋಪಾಧ್ಯಾಯರು ಒಳ್ಳೆಯವರು, ಮೊದಮೊದಲು ನಕ್ಕು ಬಿಟ್ಟರು. ಜನವರಿಯ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ನಮ್ಮ ಮೂವರ ಹೆಸರಿನ ಮುಂದೆ ಕೆಂಪು ಶಾಯಿ ಬಂತು. ಗಣಿತದ ಮೇಡಂ ಒಂದು ಸೋಮವಾರದಿಂದ ಬಸ್ಸಿಗೆ ಹೋಗತೊಡಗಿದರು. ಪಿ.ಟಿ. ಮೇಷ್ಟ್ರು ಇನ್ನೂ ಮೂರು ವಾರ ತಡೆದರು. ಕೊನೆಗೆ ಒಂದು ಸಂಜೆ, ಕಾರಿನಿಂದ ಇಳಿದ ಮೇಲೆ ಬಾಗಿಲು ಹಿಡಿದುಕೊಂಡೇ ನಿಂತು, "ಮೇಡಂ, ತಪ್ಪು ತಿಳೀಬ್ಯಾಡ್ರಿ. ಇನ್ನ ಮ್ಯಾಲೆ ನಾನೂ ಬಸ್ಸಿಗೆ ಬರ್ತೀನಿ. ನಂದು ಸೊಂಟ ಹಿಡಕೊಂಡದ" ಎಂದರು. ತಳ್ಳಿ ತಳ್ಳಿ ಹಿಡಿದುಕೊಂಡ ಸೊಂಟ ಅದು.

ರಾಯಚೂರಿನಲ್ಲಿ ಮಾವನವರ ಕಾಲದಿಂದಲೂ ಈ ಗಾಡಿ ನೋಡುತ್ತಿದ್ದ ಒಬ್ಬ ಗ್ಯಾರೇಜಿನ ಮಿಸ್ತ್ರಿ ಇದ್ದಾನೆ. ಕೈ ಚುರುಕು, ಮೋಸಗಾರನಲ್ಲ. ಆದರೆ ಕಾರು ಅವನ ಮುಂದೆ ಒಮ್ಮೆಯೂ ಕೆಡಲಿಲ್ಲ. ಬೆಳಿಗ್ಗೆ ಬಿಟ್ಟು ಹೋದರೆ ಅವನು ಮಧ್ಯಾಹ್ನ ಬಾನೆಟ್ ತೆರೆಯುತ್ತಿದ್ದ. ಅಷ್ಟರಲ್ಲಿ ಎಂಜಿನ್ ತಣ್ಣಗಾಗಿ ಒಂದೇ ಏಟಿಗೆ ಶುರು. ಕಂಡದ್ದನ್ನು ಬಿಟ್ಟು ಕಾಣದ್ದನ್ನು ಅವನು ಹೇಗೆ ನಂಬಬೇಕು? ಸಾಮಾನ್ಯವಾಗಿ ಏನೇನು ಕೆಡುತ್ತದೋ ಅದನ್ನೆಲ್ಲ ಒಂದೊಂದಾಗಿ ಬದಲಾಯಿಸುತ್ತ ಹೋದ. ಮೊದಲು ಸ್ಪಾರ್ಕ್ ಪ್ಲಗ್ಗುಗಳು. ಆಮೇಲೆ ಪ್ಲಗ್ಗಿಗೆ ಹೋಗುವ ದಪ್ಪ ವೈರುಗಳು. ಆಮೇಲೆ ಕಾರ್ಬೊರೇಟರ್ ಬಿಚ್ಚಿ ತೊಳೆದ. ಆಮೇಲೆ ಪೆಟ್ರೋಲ್ ಪಂಪು. ಕೊನೆಗೆ, ಚೆನ್ನಾಗಿಯೇ ಇದ್ದ ಬ್ಯಾಟರಿ ತೆಗೆಸಿ ಹೊಸದು ಹಾಕಿಸಿದ. ಪ್ರತಿ ಸಲವೂ ಇನ್ನು ಚಿಂತೆಯಿಲ್ಲವೆಂದು ಕೀಲಿ ಕೊಡುವುದು, ಪ್ರತಿ ಸಲವೂ ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ನಾನು ರಸ್ತೆಯಲ್ಲಿ ನಿಲ್ಲುವುದು.

ಇದಕ್ಕಿಂತ ನನಗೆ ಸಹಿಸಲಾಗದೆ ಹೋದದ್ದು ಇನ್ನೊಂದು. ಅವನು ನನಗೆ ಏನನ್ನೂ ಹೇಳುತ್ತಿರಲಿಲ್ಲ. ಗಾಡಿ ತಂದವಳು ನಾನು, ಹೊಡೆಯುವವಳು ನಾನು, ಕೆಟ್ಟಾಗ ಪಕ್ಕದಲ್ಲಿ ನಿಂತವಳು ನಾನು. ಅವನು ಮಾತ್ರ ನನ್ನ ಗಂಡನಿಗೆ ಫೋನು ಮಾಡಿ ವಿವರ ಕೊಡುತ್ತಿದ್ದ. ಗಂಡ ಹ್ಞೂಂ ಹ್ಞೂಂ ಎಂದು ಕೇಳಿಕೊಂಡು, ಅರ್ಧ ಮರೆತು, ಉಳಿದರ್ಧವನ್ನು ರಾತ್ರಿ ಊಟದ ಹೊತ್ತಿಗೆ ನನಗೆ ಹೇಳುತ್ತಿದ್ದರು. ಒಮ್ಮೆ ಮಾತ್ರ ಮಿಸ್ತ್ರಿ ನೇರವಾಗಿ ನನ್ನನ್ನು ಕೇಳಿದ: "ಮೇಡಂ, ನೀವು ಚೋಕ್ ಭಾಳ ಎಳಿತೀರೇನ್ರಿ?" ಚೋಕ್ ಎನ್ನುವುದು ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬಿಡುವ ಗುಂಡಿ. ಬಿಸಿ ಎಂಜಿನ್ನಿಗೆ ಅದನ್ನು ಮುಟ್ಟಬಾರದೆಂದು ನನಗೆ ಗೊತ್ತು. ನಾನು ಎಳೆಯುವುದಿಲ್ಲ ಎಂದೆ. ಅವನು ನಂಬಲಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು.

ಮನೆಯಲ್ಲಿ ಮಾವನವರದು ಬೇರೆ. ಪ್ರತಿದಿನ ಸಂಜೆ ಕಟ್ಟೆಯ ಮೇಲೆ ಕೂತು ಇವತ್ತು ಗಾಡಿ ನಿಂತಿತೇನು ಎಂದು ಕೇಳುವರು. ನಿಂತಿತು ಎಂದರೆ, "ನಾ ಇಪ್ಪತ್ತು ವರ್ಷ ಹೊಡದೀನಿ ನೋಡವಾ, ಒಂದು ದಿನಾನೂ ದಾರ್ಯಾಗ ನಿಂತಿಲ್ಲ" ಎನ್ನುವರು. ಚುಚ್ಚಲೆಂದು ಹೇಳಿದ್ದಲ್ಲ, ನಿಜವಾಗಿಯೂ ಅವರಿಗದು ಅರ್ಥವಾಗುತ್ತಿರಲಿಲ್ಲ. ಆದರೆ ದಿನವಿಡೀ ಶಾಲೆ ಮಾಡಿ, ಬಿಸಿಲಲ್ಲಿ ಒಂದು ಗಂಟೆ ಕಾದು ಬಂದವಳಿಗೆ ಆ ಮಾತು ಚುಚ್ಚದೆ ಇರುತ್ತದೆಯೆ? ಒಂದು ದಿನ ನಾನು ಒಳಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಸಿಟ್ಟಿಗೆ ಅತ್ತದ್ದು.

ಮಾರ್ಚಿನಲ್ಲಿ ಏನೋ ಕೆಲಸಕ್ಕೆಂದು ಮಾನ್ವಿಗೆ ಹೋದಾಗ ಅಲ್ಲಿಯ ಬಸ್ ನಿಲ್ದಾಣದ ಹತ್ತಿರ ಕಾರು ನಿಂತುಬಿಟ್ಟಿತು. ಈ ಸಲ ಹೇಗಾದರೂ ಕೆಟ್ಟಿರುವಾಗಲೇ ಯಾರಿಗಾದರೂ ತೋರಿಸಬೇಕೆಂದು ವಿಚಾರಿಸಿ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವನು ಕೈಯಲ್ಲಿದ್ದ ಕೆಲಸ ಮುಗಿಸಿ ಬರಲು ನಲವತ್ತು ನಿಮಿಷ ಹಿಡಿಯಿತು. ಬಂದವನೇ ಕೀಲಿ ತಿರುಗಿಸಿದ. ಶುರುವಾಯಿತು. ಅವನು ಎಂಜಿನ್ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, ಸ್ಕ್ರೂಡ್ರೈವರನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೋದ. ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ನಾನು ಅಲ್ಲಿ ನಿಂತಿದ್ದೆ.

ಅವತ್ತು ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು ಬಂತು. ಹತ್ತನೇ ತರಗತಿಗೆ ಹದಿನಾರು ವರ್ಷದಿಂದ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮಾಡುತ್ತಿದ್ದೇನೆ. ತಂತಿಯ ಒಂದು ಸುರುಳಿಯಲ್ಲಿ ವಿದ್ಯುತ್ತನ್ನು ಹರಿಸಿ ಥಟ್ಟನೆ ಕಡಿದರೆ ಪಕ್ಕದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಕಾರಿನ ಕಿಡಿ ಹುಟ್ಟುವುದು ಹಾಗೆಯೇ. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಕಾಯಿಲ್ ಎಂಬ ಒಂದು ಡಬ್ಬಿ ಸಾವಿರಾರು ವೋಲ್ಟಿಗೆ ಏರಿಸುತ್ತದೆ, ಡಿಸ್ಟ್ರಿಬ್ಯೂಟರ್ ಅದನ್ನು ಒಂದೊಂದು ಪ್ಲಗ್ಗಿಗೆ ಹಂಚುತ್ತದೆ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದೂ ನಾನು ನಾಲ್ಕು ತಿಂಗಳು ಬೇರೆಯವರು ಏನು ಹೇಳುತ್ತಾರೆ ಎಂದು ಬಾಯಿ ನೋಡುತ್ತ ನಿಂತಿದ್ದೆನಲ್ಲ!

ಮರುದಿನದಿಂದ ಒಂದು ನೋಟುಬುಕ್ಕು ಕಾರಿನಲ್ಲಿಟ್ಟೆ. ಎಷ್ಟು ಹೊತ್ತು ಓಡಿಸಿದೆ, ಎಷ್ಟು ನಿಮಿಷ ನಿಲ್ಲಿಸಿದೆ, ಶುರುವಾಯಿತೋ ಇಲ್ಲವೋ, ಇಷ್ಟನ್ನೇ ಬರೆಯುವುದು. ಕೆಟ್ಟರೆ ಕೆಡಲಿ ಎಂದು ಬೇಕಂತಲೇ ನಿಲ್ಲಿಸತೊಡಗಿದೆ. ಮೂರು ವಾರದಲ್ಲಿ ಚಿತ್ರ ಮೂಡಿತು. ಮೂರ್ನಾಲ್ಕು ನಿಮಿಷ ನಿಲ್ಲಿಸಿದರೆ ತೊಂದರೆಯಿಲ್ಲ. ಒಂದು ಗಂಟೆ ಬಿಟ್ಟರೂ ಇಲ್ಲ. ಹತ್ತರಿಂದ ನಲವತ್ತು ನಿಮಿಷದ ನಡುವೆ ಮಾತ್ರ ಹಟ. ಓಡುವಾಗ ಗಾಳಿ ಬಡಿದು ಬಾನೆಟ್ಟಿನ ಒಳಗೆ ತಂಪಾಗಿರುತ್ತದೆ. ನಿಲ್ಲಿಸಿದ ಕೂಡಲೇ ಗಾಳಿಯೂ ನಿಂತು, ಎಂಜಿನ್ನಿನ ಕಾವೆಲ್ಲ ಬಾನೆಟ್ಟಿನ ಕೆಳಗೆ ಸೇರಿಕೊಳ್ಳುತ್ತದೆ. ಆ ಕಾವಿಗೆ ಸೋಲುವ ಯಾವುದೋ ಒಂದು ವಸ್ತು ಒಳಗಿದೆ, ತಣ್ಣಗಾದರೆ ಅದು ಮತ್ತೆ ಎದ್ದು ಕೂಡುತ್ತದೆ.

ಮಾವನವರ ಇಪ್ಪತ್ತು ವರ್ಷದ ಗುಟ್ಟೂ ಆಗ ತಿಳಿಯಿತು. ಅವರು ಎಲ್ಲಿಗೆ ಹೋದರೂ ಅಲ್ಲಿ ಸ್ನಾನ, ಸಂಧ್ಯಾವಂದನೆ, ಪೂಜೆ, ಊಟ, ಊಟದ ಮೇಲೊಂದು ನಿದ್ದೆ ಮುಗಿಸಿಯೇ ಹೊರಡುವವರು. ದಾರಿಯಲ್ಲಿ ಚಹಾ ಕುಡಿಯುವವರಲ್ಲ, ಹೊರಗಿನ ನೀರನ್ನೂ ಮುಟ್ಟುವವರಲ್ಲ. ಅವರ ಕಾರು ಹತ್ತು ನಿಮಿಷ ನಿಂತದ್ದೇ ಇಲ್ಲ. ಈ ಕಾಯಿಲೆ ಅವರ ಕಾಲದಲ್ಲಿ ಬಂದಿದ್ದರೂ ಅದಕ್ಕೆ ಹೊರಗೆ ಕಾಣಿಸಿಕೊಳ್ಳಲು ಅವಕಾಶ ಸಿಗುತ್ತಿರಲಿಲ್ಲ. ಇದನ್ನು ಅವರಿಗೆ ಹೇಳಿದೆ. ಅವರು ಪೂರ್ತಿ ಕೇಳಿ, ಇರಬಹುದು ಎಂದಷ್ಟೇ ಅಂದರು.

ಏಪ್ರಿಲಿನಲ್ಲಿ ಶಾಲೆಗೆ ರಜೆ ಬಂತು. ಫೋನಿನಲ್ಲಿ ಹಳೆ ಗಾಡಿಗಳ ವಿಡಿಯೊಗಳನ್ನು ನೋಡುತ್ತ, ಬಾನೆಟ್ ತೆರೆದು ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಚಿತ್ರ ಬರೆದುಕೊಂಡೆ. ಹಳೆಯ ಇಂಡಿಕೇಟರ್ ಬಲ್ಬೊಂದಕ್ಕೆ ಎರಡು ವೈರು ಬೆಸೆದು ಪರೀಕ್ಷೆಯ ದೀಪ ಮಾಡಿಕೊಂಡೆ. ಮಿಸ್ತ್ರಿ ಬಿಚ್ಚಿ ಕೊಟ್ಟಿದ್ದ ಹಳೆಯ ಪ್ಲಗ್ಗುಗಳಲ್ಲಿ ಒಂದನ್ನು ತಿಕ್ಕಿ ಇಟ್ಟುಕೊಂಡೆ. ಇವೆರಡೂ ಒಂದು ಇಕ್ಕಳದ ಜೊತೆ ಕಾರಿನ ಡಬ್ಬಿಯಲ್ಲಿದ್ದವು. ಆದರೆ ಈ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಕೀಲಿ ತಿರುಗಿಸಬೇಕು, ಇನ್ನೊಬ್ಬರು ಕಿಡಿ ನೋಡಬೇಕು. ಗಂಡನನ್ನು ಕೇಳಿದರೆ ಭಾನುವಾರ ನೋಡೋಣ ಎಂದರು. ನಾಲ್ಕು ಭಾನುವಾರ ಹೋದವು.

ಮೇ ತಿಂಗಳಲ್ಲಿ ಪೋತ್ನಾಳದ ಆಚೆಯ ಒಂದು ಹಳ್ಳಿಯಲ್ಲಿ ಮಾವನವರ ದೂರದ ಸಂಬಂಧಿಕರ ಮನೆಯಲ್ಲಿ ಶ್ರಾದ್ಧವಿತ್ತು. ಮಾಡಿಸಬೇಕಾದವರು ಮಾವನವರೇ. ಕಣ್ಣು ಮಂದವಾದರೂ ಮಂತ್ರಕ್ಕೆ ಕಣ್ಣು ಬೇಡವೆಂದು ಹೇಳಿ ಒಪ್ಪಿಕೊಂಡಿದ್ದರು. ಅದು ಮಧ್ಯಾಹ್ನದೊಳಗೆ ನಡೆಯಬೇಕು. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ಊಟ ಮಾಡುವಂತಿಲ್ಲ. ಬಸ್ಸಿಗೆ ಹೋಗೋಣವೆಂದು ನಾನು ಹೇಳಿ ನೋಡಿದೆ. ಆ ಬಿಸಿಲಲ್ಲಿ ಬಸ್ಸು ಅವರಿಂದಾಗುತ್ತಿರಲಿಲ್ಲ. ಗಂಡನಿಗೆ ಕಾಲೇಜಿನ ಪರೀಕ್ಷೆಯ ಕೆಲಸವಿತ್ತು. ನಾವಿಬ್ಬರೇ ಹೊರಟೆವು.

ಪೋತ್ನಾಳದವರೆಗೆ ಕಾರು ನಿಲ್ಲಿಸಲಿಲ್ಲ. ಅಲ್ಲಿ ಮಾವನವರು ತುಳಸಿ ಮರೆತು ಬಂದದ್ದು ನೆನಪಾಯಿತು. ರಸ್ತೆ ಬದಿಯಲ್ಲಿ ಬುಟ್ಟಿಯಿಟ್ಟುಕೊಂಡು ಒಬ್ಬಾಕೆ ಹೂ ಮಾರುತ್ತಿದ್ದಳು. ಎಂಜಿನ್ ಆರಿಸದೆ ಹೋಗಿ ಬರೋಣವೆಂದುಕೊಂಡೆ. ಆದರೆ ಎದುರಿಗೆ ಭತ್ತದ ಚೀಲ ತುಂಬಿದ ಟ್ರ್ಯಾಕ್ಟರು ಅಡ್ಡ ನಿಂತು ದಾರಿ ಕಟ್ಟಿತ್ತು, ಕಾವು ತೋರಿಸುವ ಮುಳ್ಳು ಮೇಲೇರುತ್ತಿತ್ತು. ಆರಿಸಿದೆ. ತುಳಸಿ ಆಕೆಯ ಹತ್ತಿರ ಇರಲಿಲ್ಲ. ಹಿಂದಿನ ಓಣಿಯ ಮನೆಯಿಂದ ಕಿತ್ತು ತಂದು ಕೊಟ್ಟಳು. ಅಷ್ಟರಲ್ಲಿ ಹದಿನೈದು ನಿಮಿಷವಾಗಿತ್ತು. ಕೀಲಿ ತಿರುಗಿಸುವ ಮೊದಲೇ ನನಗೆ ಗೊತ್ತಿತ್ತು. ಆದರೂ ಆರೇಳು ಸಲ ತಿರುಗಿಸಿದೆ. ಗರಗರ ಅಷ್ಟೇ.

ಮಾವನವರು ಹಿಂದಿನ ಸೀಟಿನಲ್ಲಿ, ಮಡಿ ಪಂಚೆಯ ಚೀಲವನ್ನೂ ತಮ್ಮ ತಂಬಿಗೆಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎನಿಸಿತು.

ನಾನು ಬಾನೆಟ್ ಎತ್ತುವಷ್ಟರಲ್ಲಿ ಜನ ಸೇರಿದರು. ಬ್ಯಾಟರಿ ಇಳಿದಿದೆ ಎಂದು ಒಬ್ಬ. ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದು ಇನ್ನೊಬ್ಬ. ಎಂಜಿನ್ ಪೆಟ್ರೋಲು ಹೆಚ್ಚಾಗಿ ಕುಡಿದುಬಿಟ್ಟಿದೆ, ಆಕ್ಸಿಲರೇಟರ್ ಪೂರ್ತಿ ತುಳಿದು ಹೊಡೆಯಿರಿ ಎಂದು ಮತ್ತೊಬ್ಬ. ಟ್ರ್ಯಾಕ್ಟರಿನವನು ಇಳಿದು ಬಂದು, ಯಾರನ್ನೂ ಕೇಳದೆ, ಒಂದು ವೈರು ಹಿಡಿದು ಎಳೆಯತೊಡಗಿದ. ಇಬ್ಬರು ಆಗಲೇ ಹಿಂದೆ ಹೋಗಿ ತಳ್ಳಲು ಕೈಯಿಟ್ಟಿದ್ದರು. ಅವರೆಲ್ಲ ಸಹಾಯಕ್ಕೇ ಬಂದವರು. ಆದರೆ ಆರು ತಿಂಗಳಿಂದ ನುಂಗಿಕೊಂಡದ್ದೆಲ್ಲ ಆ ಗಳಿಗೆಯಲ್ಲಿ ಗಂಟಲಿಗೆ ಬಂತು.

"ಯಾರೂ ಮುಟ್ಟಬ್ಯಾಡ್ರಿ" ಎಂದೆ. ತರಗತಿಯಲ್ಲಿ ಕೂಡ ನಾನು ಅಷ್ಟು ದೊಡ್ಡ ದನಿ ತೆಗೆದವಳಲ್ಲ. "ತಳ್ಳಬ್ಯಾಡ್ರಿ, ಎಳೀಬ್ಯಾಡ್ರಿ. ಇದರದ್ದು ಏನಾಗೇದಂತ ನಾ ನೋಡ್ತೀನಿ."

ಟ್ರ್ಯಾಕ್ಟರಿನವನು ಕೈ ಹಿಂದಕ್ಕೆ ತೆಗೆದುಕೊಂಡ. ಅವನಿಗೆ ಬೇಸರವಾಯಿತು. ನೋಡಿಕೊಳ್ಳಿ ಹಾಗಾದರೆ ಎಂದು ಹೇಳಿ ಹೋಗಿ ನೆರಳಿನಲ್ಲಿ ನಿಂತ. ಉಳಿದವರೂ ನಾಲ್ಕು ಹೆಜ್ಜೆ ಹಿಂದೆ ಸರಿದರು, ಹೋಗಲಿಲ್ಲ. ಈಕೆ ಏನು ಮಾಡುತ್ತಾಳೆಂದು ನೋಡುವವರಾದರು.

ಡಬ್ಬಿ ತೆಗೆದೆ. ಈಗ ಕೀಲಿ ತಿರುಗಿಸಲು ಒಬ್ಬರು ಬೇಕು. ನಿಂತವರಲ್ಲಿ ಯಾರನ್ನಾದರೂ ಕರೆಯಬಹುದಿತ್ತು, ಈಗಷ್ಟೇ ಅವರ ಮೇಲೆ ರೇಗಿದ್ದೆ. ಕಾರಿನ ಬಾಗಿಲು ತೆರೆದು ಮಾವನವರಿಗೆ ಹೇಳಿದೆ. ಅವರು ಚೀಲ, ತಂಬಿಗೆ ಪಕ್ಕಕ್ಕಿಟ್ಟು, ಬಾಗಿಲು ಹಿಡಿದು ನಿಧಾನವಾಗಿ ಇಳಿದು, ಮುಂದಿನ ಸೀಟಿಗೆ ಬಂದು ಕೂತರು. ಎರಡೂವರೆ ವರ್ಷದಿಂದ ಅವರು ಆ ಸೀಟಿನಲ್ಲಿ ಕೂತಿರಲಿಲ್ಲ. ಕೂತ ಕೂಡಲೇ ಅಭ್ಯಾಸದಂತೆ ಕನ್ನಡಿಗೆ ಕೈ ಹೋಯಿತು, ಗೇರು ತಟಸ್ಥದಲ್ಲಿದೆಯೇ ಎಂದು ಅಲ್ಲಾಡಿಸಿ ನೋಡಿದರು. ಕಣ್ಣಿಗೆ ಕಾಣದಿದ್ದರೂ ಕೈಗೆ ಎಲ್ಲವೂ ಗೊತ್ತಿತ್ತು.

ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ವೈರನ್ನು ಬಿಚ್ಚಿ, ಅದರ ತುದಿಗೆ ಹಳೆಯ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಮೈ ಎಂಜಿನ್ನಿನ ಕಬ್ಬಿಣಕ್ಕೆ ತಾಗುವಂತೆ ಇಕ್ಕಳದಲ್ಲಿ ಹಿಡಿದೆ. ಇಕ್ಕಳದ ಹಿಡಿಗೆ ದಪ್ಪ ರಬ್ಬರಿತ್ತು. ಇಲ್ಲದಿದ್ದರೆ ಆ ವೋಲ್ಟು ಕೈ ಜಾಡಿಸಿಬಿಡುತ್ತದೆ. ಕಾಯಿಲ್ ಸರಿಯಿದ್ದರೆ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಕಾಣಬೇಕು. ಆದರೆ ಆ ಮಧ್ಯಾಹ್ನದ ಬೆಳಕಿನಲ್ಲಿ ಕಿಡಿ ಎಲ್ಲಿ ಕಾಣಬೇಕು? ಮಾವನವರ ಛತ್ರಿ ಸೀಟಿನ ಕೆಳಗಿತ್ತು. ಹೂ ಮಾರುವಾಕೆ ತಾನಾಗಿಯೇ ಎದ್ದು ಬಂದು ಅದನ್ನು ಬಿಚ್ಚಿ ನನ್ನ ತಲೆಯ ಮೇಲೆ, ಎಂಜಿನ್ನಿನ ಮೇಲೆ ನೆರಳಾಗುವಂತೆ ಬಗ್ಗಿಸಿ ಹಿಡಿದಳು. ತಾನೂ ತಲೆ ಒಳಗೆ ತಂದು ನೋಡತೊಡಗಿದಳು.

"ತಿರುಗಿಸಲೇನು?" ಎಂದು ಒಳಗಿನಿಂದ ಮಾವನವರು ಕೇಳಿದರು.

ಹೂಂ ಎಂದೆ. ಸೆಲ್ಫ್ ತಿರುಗಿತು. ಪ್ಲಗ್ಗಿನ ತುದಿ ಕಪ್ಪಗೆ ಇದ್ದಂತೆ ಇತ್ತು. ಇನ್ನೊಮ್ಮೆ ತಿರುಗಿಸಿದರು. ಏನೂ ಇಲ್ಲ. ಹೂವಿನಾಕೆ, ತನಗೇನೂ ಕಾಣಲಿಲ್ಲವೆಂದು ನನಗೆ ಹೇಳಿದಳು. ಕಾಣದಿರುವುದನ್ನು ನೋಡಿ ನನಗೆಷ್ಟು ಸಂತೋಷವಾಯಿತೆಂದು ಆಕೆಗೆ ಹೇಗೆ ಹೇಳಲಿ? ಕೊನೆಗೂ ಕೆಟ್ಟದ್ದು ಕೆಟ್ಟಿರುವಾಗಲೇ ನನ್ನ ಕೈಗೆ ಸಿಕ್ಕಿತ್ತು. ಪೆಟ್ರೋಲಲ್ಲ, ಪಂಪಲ್ಲ, ಬ್ಯಾಟರಿಯಲ್ಲ, ಚೋಕ್ ಅಂತೂ ಅಲ್ಲವೇ ಅಲ್ಲ. ಕಿಡಿಯೇ ಇಲ್ಲ.

ಆದರೆ ಕಿಡಿ ಇಲ್ಲದಿರುವುದಕ್ಕೆ ಕಾಯಿಲ್ ಒಂದೇ ಕಾರಣವಲ್ಲ. ಅದಕ್ಕೆ ವಿದ್ಯುತ್ತು ಬರುತ್ತಲೇ ಇಲ್ಲದಿರಬಹುದು. ಬಂದರೂ ಅದನ್ನು ತಾಳಕ್ಕೆ ಸರಿಯಾಗಿ ಕಡಿದು ಕಡಿದು ಬಿಡುವ ಭಾಗ ಡಿಸ್ಟ್ರಿಬ್ಯೂಟರಿನ ಒಳಗಿದೆ, ಅದು ಸತ್ತಿರಬಹುದು. ಬಲ್ಬಿನ ಒಂದು ವೈರನ್ನು ಎಂಜಿನ್ನಿನ ಮೈಗೆ, ಇನ್ನೊಂದನ್ನು ಕಾಯಿಲಿಗೆ ವಿದ್ಯುತ್ತು ಬರುವ ತುದಿಗೆ ಮುಟ್ಟಿಸಿದೆ. ಬಲ್ಬು ಉರಿಯಿತು. ಆಮೇಲೆ ಡಿಸ್ಟ್ರಿಬ್ಯೂಟರಿನ ಕಡೆಗೆ ಹೋಗುವ ತುದಿಗೆ ಮುಟ್ಟಿಸಿ, ಮತ್ತೆ ತಿರುಗಿಸಲು ಹೇಳಿದೆ. ಸೆಲ್ಫ್ ತಿರುಗಿದಂತೆ ಬಲ್ಬು ಮಿಣಮಿಣ ಎಂದಿತು. ಬರಬೇಕಾದದ್ದು ಬರುತ್ತಿದೆ, ಕಡಿಯಬೇಕಾದದ್ದು ಕಡಿಯುತ್ತಿದೆ. ನಡುವೆ ಇರುವ ಕಾಯಿಲ್ ಮಾತ್ರ ಸುಮ್ಮನಿದೆ. ಅದರ ಮೇಲೆ ಬೆರಳಿಟ್ಟೆ; ಒಲೆಯಿಂದ ಇಳಿಸಿದ ಪಾತ್ರೆಯಂತೆ ಸುಟ್ಟಿತು.

ಹೂವಿನಾಕೆಯ ಬುಟ್ಟಿಯ ಮೇಲೆ ಹೂ ಬಾಡದಿರಲೆಂದು ಒದ್ದೆ ಬಟ್ಟೆ ಹೊದಿಸಿತ್ತು. ಅದನ್ನು ಕೇಳಿದೆ. ಆಕೆ ಹಿಂದುಮುಂದು ನೋಡಲಿಲ್ಲ. ಕಾಯಿಲಿನ ಡಬ್ಬಿಯ ಮೈಗೆ, ವೈರಿನ ತುದಿಗಳಿಗೆ ನೀರು ತಾಗದಂತೆ ಆ ಬಟ್ಟೆ ಸುತ್ತಿದೆ. ಬಿಸಿಗೆ ಅದು ಆರಿದಂತೆಲ್ಲ ತೆಗೆದು, ಆಕೆ ಹೂವಿಗೆ ಚಿಮುಕಿಸುವ ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಸುತ್ತಿದೆ. ಎಂಟು ಹತ್ತು ನಿಮಿಷ ಹೀಗೆ ಮಾಡಿದ ಮೇಲೆ ಬೆರಳಿಟ್ಟರೆ ತಡೆಯುವಷ್ಟಾಯಿತು. ಮತ್ತೆ ಪ್ಲಗ್ ಹಿಡಿದೆ. ಆಕೆ ಛತ್ರಿ ಹಿಡಿದಳು. ಮಾವನವರು ಕೀಲಿ ತಿರುಗಿಸಿದರು.

"ಬಂತ್ ನೋಡ್ ಯವ್ವಾ" ಎಂದಳು ಆಕೆ.

ಸೂಜಿಯ ಮೊನೆಯಷ್ಟು ನೀಲಿ ಬೆಳಕು, ಚಟ್ ಚಟ್ ಚಟ್ ಎಂದು ಹಾರುತ್ತಿತ್ತು. ನಾನು ವೈರನ್ನು ಡಿಸ್ಟ್ರಿಬ್ಯೂಟರಿಗೆ ಮರಳಿ ಸಿಕ್ಕಿಸಿದೆ. ಮಾವನವರು ಕೇಳದೆಯೇ ತಿರುಗಿಸಿದರು. ಎಂಜಿನ್ ಹಿಡಿಯಿತು. ಅವರು ಆಕ್ಸಿಲರೇಟರನ್ನು ಹದವಾಗಿ ಒಂದೆರಡು ಸಲ ಒತ್ತಿ, ಸದ್ದು ಸಮವಾಗುವವರೆಗೆ ಕೂತೇ ಇದ್ದರು. ಆಮೇಲೆ ಇಳಿದು ಹಿಂದಿನ ಸೀಟಿಗೆ ಹೋದರು. ಟ್ರ್ಯಾಕ್ಟರಿನವನ ಹತ್ತಿರ ಹೋಗಿ ನಾನು ಕ್ಷಮೆ ಕೇಳಬೇಕಿತ್ತು. ಹೊತ್ತಾಗಿತ್ತು, ಕೇಳಲಿಲ್ಲ.

ಆ ಮನೆ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ಹಸಿದ ಮನೆ. ಯಾರೂ ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಮಾವನವರು ಬಾವಿಯ ಹತ್ತಿರ ಸ್ನಾನ ಮಾಡಿ, ಒಂದು ನಿಮಿಷವನ್ನೂ ಕಳೆಯದೆ ಕೂತರು. ಎಲ್ಲ ಮುಗಿದು ಎಲೆ ಹಾಕುವಾಗ ನಾಲ್ಕಾಗುತ್ತ ಬಂದಿತ್ತು. ಮನೆಯ ಹಿರಿಯಾಕೆ ಬಡಿಸುತ್ತ, ಮುಂದಿನ ವರ್ಷ ಹಿಂದಿನ ದಿನವೇ ಬಂದುಬಿಡಿ ಎಂದು ಹೇಳಿದರು. ನನ್ನ ಉಗುರುಗಳ ಸಂದಿಯಲ್ಲಿ ಗ್ರೀಸಿತ್ತು. ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

ಮರುದಿನ ರಾಯಚೂರಿನ ಮಿಸ್ತ್ರಿಯ ಹತ್ತಿರ ಹೋಗಿ ಕಾಯಿಲ್ ಬದಲಾಯಿಸಲು ಹೇಳಿದೆ. ಅವನು ಬಾನೆಟ್ ತೆರೆದು, ವೈರು ಬಿಚ್ಚಿ, ಕಿಡಿ ಹಾರಿಸಿ ತೋರಿಸಿದ. "ಕಾಯಿಲ್ ಚಲೋ ಅದರೀ ಮೇಡಂ. ಸುಮ್ನ ಯಾಕ ಬದಲಿ ಮಾಡ್ತೀರಿ?" ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಣ್ಣಗಿದ್ದಾಗ ಅದು ಚೆನ್ನಾಗಿಯೇ ಇತ್ತು. ನಾನು ವಾದ ಮಾಡಲಿಲ್ಲ. ಕಾರು ತೆಗೆದುಕೊಂಡು ಮಂತ್ರಾಲಯದ ರಸ್ತೆ ಹಿಡಿದು ಮಟಮಾರಿಯವರೆಗೆ ಹೋಗಿ, ತಿರುಗಿ ಬಂದು, ಅವನ ಅಂಗಡಿಯ ಮುಂದೆ ಬಿಸಿಲಲ್ಲಿ ನಿಲ್ಲಿಸಿ ಆರಿಸಿದೆ. ಹದಿನೈದು ನಿಮಿಷ ಕಾಯಬೇಕು, ಎಲ್ಲೂ ಹೋಗಬೇಡ ಎಂದು ಹೇಳಿ ಅವನ ಮುರುಕು ಕುರ್ಚಿಯ ಮೇಲೆ ಕೂತೆ. ಅವನು ಬೇರೊಂದು ಗಾಡಿಯ ಕೆಳಗೆ ಹೋಗಲಿಕ್ಕೆ ನೋಡಿದ, ನಾನು ಬಿಡಲಿಲ್ಲ. ಹದಿನೈದು ನಿಮಿಷವಾದ ಮೇಲೆ ಕೀಲಿ ಅವನ ಕೈಗೆ ಕೊಟ್ಟೆ. ಅವನು ತಿರುಗಿಸಿದ, ಮತ್ತೆ ತಿರುಗಿಸಿದ. ಇಳಿದು ಬಂದು ಕಾಯಿಲಿನ ವೈರು ಬಿಚ್ಚಿ, ತನ್ನ ಕೆಲಸಗಾರನಿಗೆ ಸೆಲ್ಫ್ ಹೊಡೆಯಲು ಹೇಳಿ ನೋಡಿದ. ಕಿಡಿ ಇರಲಿಲ್ಲ. ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ. ಆಮೇಲೆ ಸ್ಕೂಟರ್ ಹತ್ತಿ ಹೋಗಿ ಹೊಸ ಕಾಯಿಲ್ ತಂದ. ಅದನ್ನು ಹಾಕಿದ ಮೇಲೆ ನಾನು ಮತ್ತೆ ಮಟಮಾರಿಗೆ ಹೋಗಿ ಬಂದೆ. ಮತ್ತೆ ಹದಿನೈದು ನಿಮಿಷ ಕಾದೆ. ಶುರುವಾಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಗಂಡ, ಮಿಸ್ತ್ರಿ ಫೋನು ಮಾಡಿದ್ದನೆಂದೂ ಕಾಯಿಲ್ ಹೋಗಿತ್ತೆಂದೂ ಕೊನೆಗೂ ಅವನು ಕಂಡುಹಿಡಿದನೆಂದೂ ಹೇಳಿದರು. ನಾನು ಸಾರು ಬಡಿಸುತ್ತಿದ್ದೆ. ಸೌಟು ಪಾತ್ರೆಯಲ್ಲಿ ಬಿಟ್ಟು ಅವರ ಮುಖ ನೋಡಿದೆ. ಬೆಳಗಿನಿಂದ ನಾನು ಎಲ್ಲಿದ್ದೆ, ಹಿಂದಿನ ದಿನ ಪೋತ್ನಾಳದಲ್ಲಿ ಏನಾಯಿತು, ಎಲ್ಲವನ್ನೂ ಅವರಿಗೆ ಹೇಳಿದ್ದೆ. ಅವರು ಸುಳ್ಳು ಹೇಳುತ್ತಿರಲಿಲ್ಲ, ಮಿಸ್ತ್ರಿ ಹೇಳಿದ್ದನ್ನು ಹಾಗೆಯೇ ನಂಬಿದ್ದರು. ನಾನು ಹೇಳಿದ್ದು ಎಲ್ಲಿ ಹೋಗಿತ್ತೋ.

ಮಾವನವರು ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟರು. "ಅವ ಏನೂ ಕಂಡುಹಿಡದಿಲ್ಲಪಾ. ಹಿಡದಾಕಿ ಈಕಿ. ಚಾವಿ ತಿರುಗಿಸಿದಾಂವ ನಾನು" ಎಂದರು.

ಗಂಡ ತಲೆಯೆತ್ತಿ ನನ್ನನ್ನು ನೋಡಿ, ಹೌದಲ್ಲ ಎಂದರು. ಆಗ ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಮಾತನ್ನು ನಾನು ಎರಡು ಸಲ ಹೇಳಿದರೂ ಕಿವಿಗೆ ಬೀಳಲಿಲ್ಲ, ಮಾವನವರು ಒಂದು ಸಲ ಹೇಳಿದ ಕೂಡಲೇ ನಿಜವಾಯಿತು. ಅದನ್ನು ಯೋಚಿಸಿದರೆ ಈಗಲೂ ಮೈ ಉರಿಯುತ್ತದೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಕಾರು ಸರಿಹೋಗಿದೆಯೆಂದು ಇಬ್ಬರಿಗೂ ಹೇಳಿದೆ. ಗಣಿತದ ಮೇಡಂ, ಬಸ್ಸಿನಲ್ಲಿ ತಮಗೀಗ ಕಿಟಕಿ ಪಕ್ಕದ ಸೀಟು ಕಾಯಂ ಆಗಿದೆಯೆಂದು ನಕ್ಕರು. ಪಿ.ಟಿ. ಮೇಷ್ಟ್ರು, ಇನ್ನೊಂದು ತಿಂಗಳು ನೋಡೋಣ ಮೇಡಂ ಎಂದರು. ನಾನು ಒಬ್ಬಳೇ ಹೋಗಿ ಬರುತ್ತಿದ್ದೇನೆ. ಮೊನ್ನೆ ಬಸ್ಸು ತಪ್ಪಿ ಪಿ.ಟಿ. ಮೇಷ್ಟ್ರು ಕಲ್ಮಲದ ಹತ್ತಿರ ರಸ್ತೆಯಲ್ಲಿ ನಿಂತಿದ್ದರು. ಕಾರು ನಿಲ್ಲಿಸಿ ಹತ್ತಿಸಿಕೊಂಡೆ. ಶಾಲೆ ಮುಟ್ಟುವವರೆಗೆ ಅವರು ಎಲ್ಲ ವಿಷಯ ಮಾತಾಡಿದರು, ಕಾರಿನ ಮಾತೊಂದನ್ನು ಬಿಟ್ಟು. ಸಂಜೆ ಬಸ್ಸಿಗೇ ಹೋದರು.